ಬಳ್ಳಾರಿ ಜಾಲಿಯ ಬೊಡ್ಡೆ ಮತ್ತು ಲೇತ್

ಕಲಬುರಗಿಯಿಂದ ಜೇವರ್ಗಿ ಕಡೆ ಹೋಗಿ, ಶಹಾಬಾದ್ ದಾಟಿ ವಾಡಿ ಕಡೆ ಹೋಗಿ, ಯಾದಗಿರಿಯಲ್ಲಿ ಭೀಮಾ ದಂಡೆಗೆ ಇಳಿಯಿರಿ, ಬೇಸಿಗೆಯಲ್ಲಿ ಕಣ್ಣಿಗೆ ಬೀಳುವ ಹಸಿರು ಬಹುಪಾಲು ಬಳ್ಳಾರಿ ಜಾಲಿಯದೇ. ಪರ್ಸಿ ಕಲ್ಲು (ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು) ತೆಗೆದು ಬಿಟ್ಟ ಗಣಿ ಹೊಂಡ, ನೀರಿಲ್ಲದ ಕೆರೆಯ ಅಂಗಳ, ರೈಲು ಹಳಿಯ ಬದಿ, ಉಳುಮೆ ನಿಂತ ಹೊಲ, ಎಲ್ಲ ಕಡೆ ಅದೇ. ಇಷ್ಟೊಂದು ಬೆಳೆಯುವ ಮರಕ್ಕೆ ನಮ್ಮ ಕಡೆ ಇರುವ ದಾರಿ ಎರಡು: ಒಲೆ, ಇಲ್ಲವೇ ಇದ್ದಿಲು ಭಟ್ಟಿ. ಬಡಿಗರು ಅದನ್ನು ಮುಟ್ಟುವುದಿಲ್ಲ. ಕೇಳಿದರೆ ಅವರು ಕೊಡುವ ಕಾರಣವೂ ಸರಿಯಾದದ್ದೇ. ಮೂರಡಿ ನೇರ ಹಲಗೆ ಸಿಗುವುದಿಲ್ಲ, ಎಳೆ ಹೆಣೆದುಕೊಂಡಿರುತ್ತದೆ, ಒಳಗೆ ತೊಗಟೆ ಸಿಕ್ಕಿಕೊಂಡಿರುತ್ತದೆ, ರಂದ ಹಾಕಿದರೆ ಕಿತ್ತು ಬರುತ್ತದೆ.

ಬಾಗಿಲು, ಮಂಚ, ಕಿಟಕಿಯ ಲೆಕ್ಕಕ್ಕೆ ಈ ಮಾತು ನಿಜ. ಲೇತ್ ಎಂದರೆ ಕಟ್ಟಿಗೆಯ ತುಂಡನ್ನು ತಿರುಗಿಸುವ ಯಂತ್ರ, ಅದರ ಮೇಲೆ ಉಳಿ ಹಿಡಿದು ಕಡೆಯುವವರ ಲೆಕ್ಕ ಬೇರೆ. ಬಟ್ಟಲಿಗೆ, ಲಟ್ಟಣಿಗೆಗೆ, ಉಳಿಯ ಹಿಡಿಕೆಗೆ, ಡಬ್ಬಿಗೆ ಒಂದು ಗೇಣಿನಿಂದ ಒಂದು ಮೊಳದ ತುಂಡು ಸಾಕು. ತುಂಡು ಸೊಟ್ಟಗಿದ್ದರೆ ತೊಂದರೆಯಿಲ್ಲ, ಗಂಟಿದ್ದರೆ ಒಳ್ಳೆಯದೇ. ಕಟ್ಟಿಗೆ ಅಡ್ಡಾದಲ್ಲಿ ಸೌದೆಯ ರೇಟಿಗೆ ತೂಗುವ ಈ ಮರ ಲೇತಿಗೆ ಸಿಗಬಹುದಾದ ಅತ್ಯುತ್ತಮ ಕಟ್ಟಿಗೆಗಳಲ್ಲಿ ಒಂದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಆಧಾರವೂ ಇದೆ.

ಸಸ್ಯಶಾಸ್ತ್ರದವರು ಇದನ್ನು ಬಹುಕಾಲ ಪ್ರೊಸೊಪಿಸ್ ಜುಲಿಫ್ಲೋರಾ ಎಂದು ಕರೆದರು. 2022ರಲ್ಲಿ ಆ ಕುಲವನ್ನು ಒಡೆದ ಮೇಲೆ ನೆಲ್ಟುಮಾ ಜುಲಿಫ್ಲೋರಾ ಎಂಬ ಹೆಸರು ಬಂದಿದೆ. ಮೂಲ ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳು ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. 1870ರ ದಶಕದಲ್ಲಿ ಬ್ರಿಟಿಷ್ ಆಡಳಿತ ಉರುವಲಿಗಾಗಿ, ಬರಡು ನೆಲಕ್ಕಾಗಿ ಇದರ ಬೀಜವನ್ನು ಭಾರತಕ್ಕೆ ತರಿಸಿತು. ಇದರ ಹತ್ತಿರದ ಬಂಧು ಹನಿ ಮೆಸ್ಕೀಟ್ ಅಮೆರಿಕದ ಟೆಕ್ಸಾಸ್‌ನಲ್ಲಿ ಬೆಳೆಯುತ್ತದೆ. ಅಲ್ಲಿನ ಕಡೆತದವರು ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. 19ನೇ ಶತಮಾನದ ಕೊನೆಯಲ್ಲಿ ಸ್ಯಾನ್ ಆಂಟೋನಿಯೊ ನಗರದ ಬೀದಿಗಳಿಗೆ ಆ ಕಟ್ಟಿಗೆಯ ತುಂಡುಗಳನ್ನು ಕಲ್ಲಿನಂತೆ ಹಾಸಿದ್ದರು. ಬಿಸಿಲು, ಮಳೆ, ಗಾಡಿಯ ಚಕ್ರ ಮೂರನ್ನೂ ತಾಳಿಕೊಳ್ಳಬೇಕಾದರೆ ಕಟ್ಟಿಗೆ ಹಿಗ್ಗಿ ಕುಗ್ಗುವುದು ತೀರ ಕಡಿಮೆ ಇರಬೇಕು. ಮೆಸ್ಕೀಟ್ ಬಳಗದ ದೊಡ್ಡ ಗುಣ ಅದೇ.

ಅಂಕಿಗಳಲ್ಲೇ ನೋಡೋಣ. ಹಸಿಯಿಂದ ಪೂರ್ತಿ ಒಣಗುವ ತನಕ ಸಾಗುವಾನಿ ವಾರ್ಷಿಕ ಉಂಗುರದ ಗುಂಟ ಸುಮಾರು ಶೇ 5.3, ತಿರುಳಿನಿಂದ ತೊಗಟೆಯ ದಿಕ್ಕಿಗೆ ಶೇ 2.6 ಕುಗ್ಗುತ್ತದೆ. ಹನಿ ಮೆಸ್ಕೀಟ್ ಕುಗ್ಗುವುದು ಶೇ 3.2 ಮತ್ತು ಶೇ 1.6 ಮಾತ್ರ. ಒಣಗಿದಾಗ ಒಂದು ಘನ ಮೀಟರ್ ಸಾಗುವಾನಿ ಸುಮಾರು 650 ಕಿಲೊ ತೂಗಿದರೆ ಮೆಸ್ಕೀಟ್ 820 ಕಿಲೊ. ಗಡಸುತನ ಸಾಗುವಾನಿಯ ಎರಡು ಪಟ್ಟಿಗೂ ಮೇಲು. ಸಾಗುವಾನಿಯೇ ಸ್ಥಿರವಾದ ಕಟ್ಟಿಗೆ ಎಂದು ನಾವು ಹೇಳುತ್ತೇವಲ್ಲ, ಅದಕ್ಕಿಂತಲೂ ಅಲುಗಾಡದ ಬಳಗ ಇದು. ನಮ್ಮ ಜಾಲಿಯನ್ನು ಲೇತಿಗೆ ಹಾಕಿದವರಿಗೂ ಕಾಣುವುದು ಇದೇ ಗುಣ.

ಅಡ್ಡಾದಲ್ಲಿ ಆರಿಸುವಾಗ ಮೊದಲು ಕರಿಜಾಲಿ ಯಾವುದು, ಬಳ್ಳಾರಿ ಜಾಲಿ ಯಾವುದು ಎಂದು ತಿಳಿಯಬೇಕು. ನಿಂತ ಮರದಲ್ಲಿ ಗುರುತು ಸುಲಭ. ಕರಿಜಾಲಿಯ ಹೂವು ಹಳದಿ ಗುಂಡು, ಕಾಯಿ ಮಣಿ ಪೋಣಿಸಿದಂತೆ ನಡುನಡುವೆ ಕಿರಿದಾಗಿರುತ್ತದೆ. ಬಳ್ಳಾರಿ ಜಾಲಿಯ ಹೂವು ಉದ್ದನೆಯ ತೆನೆ, ಕಾಯಿ ಚಪ್ಪಟೆ, ಹಣ್ಣಾದಾಗ ಹಳದಿಯಾಗಿ ಸಿಹಿಯಾಗಿರುತ್ತದೆ. ಕುರಿ, ಆಡು ಆ ಕಾಯಿ ತಿಂದು ಹಿಕ್ಕೆಯ ಜೊತೆ ಬೀಜವನ್ನು ಊರೆಲ್ಲ ಹಂಚುತ್ತವೆ. ಕಡಿದ ತುಂಡಿನಲ್ಲಿ ಅಡ್ಡ ಕೊಯ್ತವನ್ನು ನೋಡಬೇಕು. ಅಂಚಿನಲ್ಲಿ ಕಿರಿದಾದ ತಿಳಿ ಹಳದಿ ಬಿಳಿಭಾಗ, ಒಳಗೆ ಕಂದು ಕೆಚ್ಚು. ಹೊಸದಾಗಿ ಕೊಯ್ದಾಗ ಕೆಚ್ಚು ಹಳದಿ ಮಿಶ್ರಿತ ಕಂದು, ಬೆಳಕು ಬಿದ್ದಂತೆ ಕೆಂಪಗೆ ತಿರುಗುತ್ತ ಹೋಗುತ್ತದೆ. ಮುಂಗೈ ದಪ್ಪದ ಕೊಂಬೆಯಲ್ಲಿ ಕೆಚ್ಚು ಹೆಬ್ಬೆರಳಿನಷ್ಟೂ ಇರುವುದಿಲ್ಲ, ಅದು ಸೌದೆಗೇ ಸರಿ. 15 ಸೆಂ.ಮೀ.ಗಿಂತ ದಪ್ಪ ಇರುವ, ನೆಲಕ್ಕೆ ಹತ್ತಿರದ ಭಾಗ ಕೇಳಿ ಪಡೆಯಿರಿ.

ಕೊಯ್ತದ ಮುಖದಲ್ಲಿ ಎಲ್ಲಾದರೂ ನೀಲಿಗಪ್ಪು ಮಚ್ಚೆ ಕಂಡರೆ ಆ ತುಂಡನ್ನು ಲೇತಿಗೆ ಹಾಕಬೇಡಿ. ಹೊಲದ ಬೇಲಿಗೆ ನಿಂತ ಮರಕ್ಕೆ ಯಾವಾಗಲೋ ಹೊಡೆದ ಮೊಳೆ ಅಥವಾ ಸುತ್ತಿದ ಮುಳ್ಳುತಂತಿಯನ್ನು ಮರ ನುಂಗಿ ಬೆಳೆದಿರುತ್ತದೆ. ಜಾಲಿಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿ ಆ ಕಪ್ಪು ಬರುತ್ತದೆ. ಮಚ್ಚೆ ಕಂಡಲ್ಲಿ ಒಳಗೆ ಕಬ್ಬಿಣ ಇದೆ ಎಂದೇ ತಿಳಿಯಿರಿ.

ಇನ್ನು ಬೊಡ್ಡೆಯ ವಿಷಯ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೇ ಇದನ್ನು.

ಬಳ್ಳಾರಿ ಜಾಲಿಯನ್ನು ನೆಲದ ಮೇಲೆ ಕಡಿದರೆ ಅದು ಸಾಯುವುದಿಲ್ಲ. ಒಂದು ಕಾಂಡ ಇದ್ದಲ್ಲಿ ಆರೆಂಟು ಚಿಗುರು ಒಡೆದು ಮೂರು ನಾಲ್ಕು ವರ್ಷಕ್ಕೆ ಮತ್ತೆ ಪೊದೆಯಾಗುತ್ತದೆ. ಸೌದೆಯವರೂ ಇದ್ದಿಲಿನವರೂ ಹೀಗೆ ಮೇಲಿಂದ ಮೇಲೆ ಕಡಿದು ಒಯ್ಯುವುದರಿಂದ ಮರ ಕಡಿಮೆಯಾದದ್ದಿಲ್ಲ, ಪೊದೆ ಇನ್ನಷ್ಟು ದಟ್ಟವಾಗಿದೆ. ಚಿಗುರುವ ಕಣ್ಣುಗಳೆಲ್ಲ ಕಾಂಡ ಮತ್ತು ಬೇರು ಕೂಡುವ ಕುತ್ತಿಗೆಯ ಭಾಗದಲ್ಲಿ, ನೆಲದೊಳಗೆ ಸುಮಾರು ಒಂದು ಅಡಿಯ ತನಕ ಇರುತ್ತವೆ. ಅಷ್ಟನ್ನು ಅಗೆದು ತೆಗೆದರೆ ಮಾತ್ರ ಮರ ಹೋಗುತ್ತದೆ. ಹೊಲ ಹಸನು ಮಾಡುವ ರೈತರು ಜೆಸಿಬಿ ತರಿಸಿ ಕೀಳಿಸುವುದು ಇದನ್ನೇ. ಕಿತ್ತ ಬೊಡ್ಡೆ ಸೀಳುವುದಕ್ಕೆ ಬಗ್ಗುವುದಿಲ್ಲ, ಎಷ್ಟೋ ಸಲ ಬದುವಿನ ಮೇಲೆ ಬಿದ್ದಿರುತ್ತದೆ ಅಥವಾ ಅಲ್ಲೇ ಬೆಂಕಿ ಹಚ್ಚುತ್ತಾರೆ.

ಲೇತಿಗೆ ಇಡೀ ಮರದಲ್ಲಿ ಅತ್ಯಂತ ಚೆಲುವಾದ ಕಟ್ಟಿಗೆ ಅದೇ ಬೊಡ್ಡೆ. ಹಲವು ಸಲ ಕಡಿಸಿಕೊಂಡು ಚಿಗುರಿದ ಕುತ್ತಿಗೆಯಲ್ಲಿ ಎಳೆಗಳು ಒಂದರ ಸುತ್ತ ಒಂದು ತಿರುಗಿ, ಕಣ್ಣು ಕಣ್ಣಾಗಿ, ಕೆಂಪು ಕಂದಿನ ಮೇಲೆ ಕಪ್ಪು ಗೆರೆ ಸುಳಿಯಾಗಿ ನಿಂತಿರುತ್ತದೆ. ಮರವನ್ನು ನಿಜವಾಗಿ ತೆಗೆಯುವವರು ಹೊರಹಾಕುವ ಭಾಗವೂ ಕಡೆಯುವವರಿಗೆ ಬೇಕಾದ ಭಾಗವೂ ಒಂದೇ ಆಗಿದೆ. ಹೀಗಿರುವಾಗ ಅಡ್ಡಾದಿಂದ ಕೊಂಬೆ ಕೊಳ್ಳುವುದಕ್ಕಿಂತ ಹೊಲ ಹಸನು ಮಾಡುವಲ್ಲಿ ಹೋಗಿ ಬೊಡ್ಡೆ ಕೇಳುವುದು ಮೇಲು. ಇದರಿಂದ ಜಾಲಿ ಕಾಡು ಕರಗುತ್ತದೆ ಎಂದು ಹೇಳುತ್ತಿಲ್ಲ. ಎಷ್ಟು ಬಟ್ಟಲು ಕಡೆದರೂ ಒಂದು ಕೆರೆಯ ಅಂಗಳ ಖಾಲಿಯಾಗದು. ಈ ಕಟ್ಟಿಗೆಗೆ ಬೆಲೆ ಬಂತೆಂದು ಯಾರೂ ಬೀಜ ಚೆಲ್ಲಲೂ ಬಾರದು. ಕೀಳುವ ಕೂಲಿಯಲ್ಲಿ ಒಂದಿಷ್ಟು ಮರಳಿ ಬಂದರೆ ಕೀಳಿಸುವವರಿಗೆ ಅನುಕೂಲ, ಅಷ್ಟೇ. ಗೋಮಾಳ, ಕೆರೆ, ಅರಣ್ಯದ ನೆಲವಾದರೆ ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿಯೇ ಕೈ ಹಾಕಿ.

ಬೊಡ್ಡೆಯ ಕಷ್ಟ ಮಣ್ಣು ಮತ್ತು ಕಲ್ಲು. ಎರಿ ಮಣ್ಣು ಬೇರಿನ ಸಂದಿಯಲ್ಲಿ ಒಣಗಿ ಗಟ್ಟಿಯಾಗಿರುತ್ತದೆ, ಬೀದರ್ ಕಡೆಯದಾದರೆ ಕೆಂಪು ಜಂಬಿಟ್ಟಿಗೆಯ ಹರಳು ಸಿಕ್ಕಿರುತ್ತವೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಬೈಕ್ ತೊಳೆಯುವ ಪ್ರೆಷರ್ ಪಂಪಿನಿಂದ ತೊಳೆದು, ತಂತಿ ಬ್ರಷ್ ಹಾಕಿ, ಸಂದಿಗಳನ್ನು ಮೊಳೆಯ ತುದಿಯಿಂದ ಕೆದರಬೇಕು. ಈ ಕೆಲಸದಲ್ಲಿ ಅವಸರ ಮಾಡಿದರೆ ಚೈನ್ ಸಾ ಹಲ್ಲು ಒಂದೇ ಕೊಯ್ತಕ್ಕೆ ಮೊಂಡಾಗುತ್ತದೆ. ಮುಳ್ಳಿನ ಬಗ್ಗೆಯೂ ಒಂದು ಮಾತು. ಜಾಲಿ ಮುಳ್ಳಿನ ತುದಿ ಚರ್ಮದೊಳಗೆ ಮುರಿದು ಉಳಿದರೆ ಬಾವು ಬಂದು ದಿನಗಟ್ಟಲೆ ಕಾಡುತ್ತದೆ. ದಪ್ಪ ತಳದ ಬೂಟು, ಚರ್ಮದ ಕೈಗವಸು, ಧನುರ್ವಾಯು ಚುಚ್ಚುಮದ್ದು, ಮೂರೂ ಕಾಡಿಗೆ ಹೋಗುವ ಮೊದಲೇ ಆಗಿರಲಿ. ಕೈಗವಸು ಕಡಿಯುವಾಗ ಮಾತ್ರ. ತಿರುಗುವ ಲೇತಿನ ಹತ್ತಿರ ಕೈಗವಸು, ಹೆಗಲ ಮೇಲಿನ ಟವಲ್, ಸಡಿಲ ತೋಳು ಯಾವುದೂ ಇರಬಾರದು.

ಕಡಿಯಲು ಒಳ್ಳೆಯ ಕಾಲ ನವೆಂಬರ್‌ನಿಂದ ಜನವರಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಆಗ ಕೊಯ್ದ ತುಂಡಿನ ತುದಿ ಸಂಜೆಯೊಳಗೆ ಬಿರುಕು ಬಿಡುತ್ತದೆ. ಕಟ್ಟಿಗೆ ಎಷ್ಟೇ ಕಡಿಮೆ ಕುಗ್ಗಲಿ, ತುದಿ ಬೇಗ ಒಣಗಿ ನಡು ಹಸಿಯಾಗಿ ಉಳಿದರೆ ತುದಿ ಸೀಳಲೇಬೇಕು. ಆದ್ದರಿಂದ ಬೇಕಾದ ಅಳತೆಗಿಂತ ಎರಡೂ ಕಡೆ 5 ಸೆಂ.ಮೀ. ಹೆಚ್ಚು ಬಿಟ್ಟು ಕೊಯ್ಯಿರಿ, ಕೊಯ್ದ ಕೂಡಲೇ ತುದಿಗೆ ಕರಗಿಸಿದ ಮೇಣ ಬಳಿಯಿರಿ. ಮೇಣ ಇಲ್ಲದಿದ್ದರೆ ಫೆವಿಕಾಲ್ ಎರಡು ಸಲ ದಪ್ಪಗೆ ಬಳಿದರೂ ನಡೆಯುತ್ತದೆ. ನಂತರ ತಿರುಳಿನ ಗೆರೆಯ ಮೇಲೇ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ. ತಿರುಳು ನಡುವೆ ಉಳಿದ ಗುಂಡು ತುಂಡು ಮೇಣ ಬಳಿದರೂ ಬಿರಿಯುತ್ತದೆ.

ತೊಗಟೆ ತೆಗೆಯದೆ ಇಡಬೇಡಿ. ತೊಗಟೆಯ ಕೆಳಗೆ, ಬಿಳಿಭಾಗದಲ್ಲಿ ಕುಟ್ಟೆ ಬಹು ಬೇಗ ಸೇರುತ್ತದೆ. ಕೆಳಗೆ ಜೋಳದ ಹಿಟ್ಟಿನಂಥ ನುಣುಪು ಪುಡಿ ಉದುರಿದ್ದು ಕಂಡರೆ ಹುಳು ಒಳಗೆ ಕೆಲಸ ಮಾಡುತ್ತಿದೆ ಎಂದರ್ಥ. ಕೆಚ್ಚನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಡುಗೆಗೆ ಬಳಸುವ ವಸ್ತುವಾದರೆ ಬಿಳಿಭಾಗವನ್ನು ಪೂರ್ತಿ ಕೊಡಲಿಯಿಂದ ಕೆತ್ತಿ ತೆಗೆಯುವುದೇ ಉತ್ತಮ. ಅಲಂಕಾರಕ್ಕೆ ಆ ಹಳದಿ ಅಂಚು ಬೇಕೆನಿಸಿದರೆ ಬೋರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ಬಿಸಿನೀರಿನಲ್ಲಿ ಕರಗಿಸಿ ಹಸಿ ಇರುವಾಗಲೇ ಬಳಿಯಬಹುದು, ಅಂಥದ್ದರಲ್ಲಿ ತಿನ್ನುವ ಪದಾರ್ಥ ಇಡಬಾರದು.

ಚಿಕ್ಕ ಕೆಲಸಕ್ಕೆ ಈ ಕಟ್ಟಿಗೆಯನ್ನು ಹಸಿಯಲ್ಲೇ ಒಂದೇ ಸಲ ಕಡೆದು ಮುಗಿಸಬಹುದು. 12 ಸೆಂ.ಮೀ. ಅಗಲದ, 4 ಮಿ.ಮೀ. ಗೋಡೆಯ ಬಟ್ಟಲು ಒಣಗಿದ ಮೇಲೆ ಕೈಯಲ್ಲಿ ಹಿಡಿದು ನೋಡಿದರಷ್ಟೇ ಸ್ವಲ್ಪ ಅಂಡಾಕಾರ ಎಂದು ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡದಾದರೆ ಎರಡು ಹಂತ ಬೇಕು. ಮೊದಲು ಒರಟಾಗಿ ಕಡೆದು, ಅಗಲದ ಹತ್ತನೇ ಒಂದು ಭಾಗದಷ್ಟು ಗೋಡೆ ಉಳಿಸಿ. 20 ಸೆಂ.ಮೀ. ಬಟ್ಟಲಿಗೆ 2 ಸೆಂ.ಮೀ. ಗೋಡೆ. ಅದೇ ಹೊಟ್ಟಿನ ಜೊತೆ ಸಿಮೆಂಟ್ ಚೀಲದ ಒಳಗಿನ ಕಾಗದದಲ್ಲೋ ಹಳೆಯ ಪತ್ರಿಕೆಯಲ್ಲೋ ಸುತ್ತಿ, ಬಿಸಿಲು, ಫ್ಯಾನ್ ಎರಡೂ ತಾಗದ ಕೋಣೆಯಲ್ಲಿ ಇಡಿ. ಪರ್ಸಿ ಹಾಸಿದ ಹಳೆಯ ಮನೆಯ ಒಳಕೋಣೆ ಇದಕ್ಕೆ ಬಹಳ ಅನುಕೂಲ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಪೆನ್ಸಿಲ್‌ನಿಂದ ಅದರ ಮೇಲೇ ಬರೆಯುತ್ತ ಹೋಗಿ. ಮೂರು ವಾರ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ.

ನಮ್ಮ ಕಡೆಯ ಬಹುಪಾಲು ಲೇತ್‌ಗಳು ಸ್ಥಳೀಯವಾಗಿ ಕಟ್ಟಿದವು. 1 ಎಚ್‌ಪಿ ಮೋಟಾರು, ಬೆಲ್ಟು, ಎರಡು ಮೂರು ಪುಲ್ಲಿ, ವೇಗ ಬದಲಿಸುವ ಬಟನ್ ಇರುವುದಿಲ್ಲ. ಆದ್ದರಿಂದ ಲೆಕ್ಕ ಗೊತ್ತಿರಬೇಕು. ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತಿದ್ದು ಅದರ ಪುಲ್ಲಿ 2 ಇಂಚು, ಲೇತಿನ ಪುಲ್ಲಿ 6 ಇಂಚು ಇದ್ದರೆ 480 ಸುತ್ತು. 3 ಮತ್ತು 5 ಇಂಚಾದರೆ 864. ಎರಡೂ ಸಮ ಇದ್ದರೆ 1440. ತುಂಡಿನ ಅಗಲವನ್ನು ಇಂಚಿನಲ್ಲಿ ತೆಗೆದುಕೊಂಡು ಸುತ್ತಿನಿಂದ ಗುಣಿಸಿದರೆ 6000ದಿಂದ 9000 ಒಳಗೆ ಬರಬೇಕು ಎಂಬುದು ಕಡೆತದವರ ರೂಢಿಯ ಲೆಕ್ಕ. 6 ಇಂಚಿಗೆ 1000ದಿಂದ 1500. ಆದರೆ ಬೊಡ್ಡೆಯ ತುಂಡು ಒಂದು ಕಡೆ ಭಾರ, ಒಂದು ಕಡೆ ಪೊಳ್ಳು. ಅದು ಗುಂಡಗಾಗುವ ತನಕ 480 ದಾಟಬೇಡಿ, ಟೇಲ್‌ಸ್ಟಾಕ್ (ತುಂಡನ್ನು ಇನ್ನೊಂದು ತುದಿಯಿಂದ ಒತ್ತಿ ಹಿಡಿಯುವ ಭಾಗ) ಸರಿಸಬೇಡಿ, ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಹಾಕಿ. ಫೇಸ್‌ಪ್ಲೇಟಿಗೆ (ತುಂಡನ್ನು ಸ್ಕ್ರೂ ಹಾಕಿ ಲೇತಿಗೆ ಕೂರಿಸುವ ತಟ್ಟೆ) ಡ್ರೈವಾಲ್ ಸ್ಕ್ರೂ ಬಳಸಬಾರದು, ಅವು ಗಡಸು ಕಟ್ಟಿಗೆಯಲ್ಲಿ ಕುತ್ತಿಗೆಗೇ ಮುರಿಯುತ್ತವೆ. ಮೊದಲು ರಂಧ್ರ ಕೊರೆದು, ಮೇಣ ಸವರಿದ ದಪ್ಪ ಮರದ ಸ್ಕ್ರೂ ಹಾಕಿ, ಕನಿಷ್ಠ 25 ಮಿ.ಮೀ. ಒಳಗೆ ಹೋಗಬೇಕು.

ಉಳಿಗಳ ಬಗ್ಗೆ. ಗಾಡಿ ಪಾಟಾದಿಂದ (ಸ್ಪ್ರಿಂಗ್ ಪಟ್ಟಿಯಿಂದ) ಕಮ್ಮಾರರು ಬಡಿದು ಕೊಡುವ ಉಳಿ ಬೇವು, ಹಾಲೆ ಮರಕ್ಕೆ ಚೆನ್ನಾಗಿ ನಡೆಯುತ್ತದೆ. ಜಾಲಿಯ ಮೇಲೆ ಅದರ ಬಾಯಿ ಬೇಗ ಹೋಗುತ್ತದೆ, ಗ್ರೈಂಡರ್ ಮೇಲೆ ನೀಲಿಗಟ್ಟಿದರಂತೂ ಹದವೇ ಹೋಯಿತು, ನೀರಿನಲ್ಲಿ ಮೇಲಿಂದ ಮೇಲೆ ಅದ್ದುತ್ತ ಮಸೆಯಬೇಕು. ಸಾಧ್ಯವಿದ್ದರೆ ಒಂದು ಹೈಸ್ಪೀಡ್ ಸ್ಟೀಲ್ ಬೌಲ್ ಗೌಜ್ (ಬಟ್ಟಲು ಕಡೆಯುವ ಗುಳಿಬಾಯಿಯ ಉಳಿ) ಕೊಳ್ಳಿ. ಹಳೆಯ ಕಾನಸನ್ನು (ಅರವನ್ನು) ಮಸೆದು ಉಳಿ ಮಾಡುವ ರೂಢಿ ಅಲ್ಲಲ್ಲಿ ಇದೆ. ದಯವಿಟ್ಟು ಬಿಡಿ. ಕಾನಸಿನ ಉಕ್ಕು ಗಾಜಿನಷ್ಟು ಪೆಡಸು, ಗಂಟಿಗೆ ತಗುಲಿದರೆ ತುಂಡಾಗಿ ಮುಖಕ್ಕೆ ಹಾರುತ್ತದೆ.

ಗೌಜಿನ ಬಾಯಿಯ ಕೋನ 50 ಡಿಗ್ರಿ ಆಸುಪಾಸು ಇರಲಿ. ಬಟ್ಟಲಿನ ಹೊರಮೈಯನ್ನು ತಳದಿಂದ ಅಂಚಿನ ಕಡೆಗೆ, ಒಳಮೈಯನ್ನು ಅಂಚಿನಿಂದ ತಳದ ಕಡೆಗೆ ಕಡೆಯಬೇಕು. ಲಟ್ಟಣಿಗೆಯಂಥ ಉದ್ದ ಕೆಲಸದಲ್ಲಿ ದಪ್ಪದಿಂದ ಸಪೂರದ ಕಡೆಗೆ. ಈ ನಿಯಮ ಪಾಲಿಸಿದರೂ ಜಾಲಿ ಎರಡು ಕಡೆ ಕೈಕೊಡುತ್ತದೆ, ಯಾಕೆಂದರೆ ಎಳೆ ಒಂದು ಪದರದಲ್ಲಿ ಬಲಕ್ಕೆ, ಮುಂದಿನ ಪದರದಲ್ಲಿ ಎಡಕ್ಕೆ ವಾಲಿರುತ್ತದೆ. ಬಟ್ಟಲಿನ ಮೈಯಲ್ಲಿ ಎದುರುಬದುರಾದ ಎರಡು ಪಟ್ಟಿಗಳಲ್ಲಿ ಎಳೆ ಕಿತ್ತು, ಬೆರಳು ಸವರಿದರೆ ತರಿತರಿ ಅನ್ನಿಸುತ್ತದೆ. ಅದನ್ನು ಪಾಲಿಶ್ ಪೇಪರಿನಿಂದ ತಿಕ್ಕಿ ತೆಗೆಯಲು ಹೋದರೆ ಸುತ್ತಲಿನ ಮೆದು ಭಾಗ ತಗ್ಗಾಗುತ್ತದೆ, ಕಿತ್ತದ್ದು ಮಾತ್ರ ಉಳಿಯುತ್ತದೆ. ಸ್ಕ್ರೇಪರನ್ನು (ಹೆರೆಯುವ ಉಳಿಯನ್ನು) ಆಗಷ್ಟೇ ಮಸೆದು, 45 ಡಿಗ್ರಿ ಓರೆ ಹಿಡಿದು, ಉಗುರಿನ ತುದಿಯಷ್ಟೂ ಆಳ ಇಳಿಯದಂತೆ ಸವರಬೇಕು. ಸರಿಯಾಗಿ ಹಿಡಿದಾಗ ಪುಡಿ ಬರುವುದು ನಿಂತು ಕೂದಲಿನಂಥ ಸುರುಳಿ ಬರುತ್ತದೆ. ಅದೇ ಗುರುತು.

ಪೇಪರ್ 120ರಿಂದ ಹಿಡಿದು 180, 240, 320, 400 ಎಂದು ಮೆಟ್ಟಿಲು ಬಿಡದೆ ಹೋಗಿ. ಪೇಪರನ್ನು ಒತ್ತಿ ಹಿಡಿದರೆ ಮೈ ಬಿಸಿಯಾಗಿ ಕೂದಲೆಳೆ ಬಿರುಕು ಬಿಡುತ್ತದೆ, ಗಟ್ಟಿ ಕಟ್ಟಿಗೆಗಳ ರೋಗ ಇದು. ಬೆರಳಿಗೆ ಬಿಸಿ ತಾಗಿದ ಕೂಡಲೇ ನಿಲ್ಲಿಸಿ. ಈ ಧೂಳು ಚರ್ಮಕ್ಕೆ, ಉಸಿರಿಗೆ ಒಳ್ಳೆಯದಲ್ಲ. ಬಾಯಿಗೆ ಕಟ್ಟುವ ಬಟ್ಟೆ ಸಾಲದು, ಎನ್95 ಮಾಸ್ಕ್ ಬೇಕು, ಬಾಗಿಲಿಗೆ ಬೆನ್ನು ಮಾಡಿ ಫ್ಯಾನ್ ಹಿಂದಿನಿಂದ ಬೀಸುವಂತೆ ನಿಲ್ಲಬೇಕು.

ತೊಗಟೆ ಸಿಕ್ಕಿಕೊಂಡ ಸಂದಿಗಳನ್ನು ಕೆದರಿ ಖಾಲಿ ಮಾಡಿ, ಅದೇ ಜಾಲಿಯ ಇದ್ದಿಲನ್ನು ನುಣ್ಣಗೆ ಅರೆದು ಎಪಾಕ್ಸಿಯಲ್ಲಿ ಕಲಸಿ ತುಂಬಿದರೆ ಕಪ್ಪು ಗೆರೆ ಮರದ್ದೇ ಅನ್ನುವಂತೆ ಕೂರುತ್ತದೆ. ಕೂದಲೆಳೆ ಬಿರುಕಿಗೆ ತೆಳು ಫೆವಿಕ್ವಿಕ್ ಸಾಕು.

ಕಪ್ಪಿನ ಮಾತು ಬಂದದ್ದರಿಂದ ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಸಿ ಜಾಲಿಯ ಹೊಟ್ಟು ಲೇತಿನ ಕಬ್ಬಿಣದ ಹಾಸಿನ ಮೇಲೆ ಒಂದು ರಾತ್ರಿ ಬಿದ್ದಿದ್ದರೆ ಹಾಸಿಗೆ ತುಕ್ಕು, ಕಟ್ಟಿಗೆಗೆ ಮಸಿ. ಕೆಲಸ ಮುಗಿದ ಕೂಡಲೇ ಗುಡಿಸಿ ಒರೆಸಿ. ಬಟ್ಟಲಿನ ಮೇಲೆ ಕಲೆ ಬಿದ್ದರೆ ನಿಂಬೆರಸ ತಿಕ್ಕಿದರೆ ಹೊಸ ಕಲೆ ಹೋಗುತ್ತದೆ, ಹಳೆಯದಕ್ಕೆ ಆಕ್ಸಾಲಿಕ್ ಆ್ಯಸಿಡ್ ಬೇಕು. ಇದೇ ಗುಣವನ್ನು ಕೆಲಸಕ್ಕೂ ಹಚ್ಚಬಹುದು. ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಒಂದು ವಾರ ನೆನೆಸಿ ಸೋಸಿದ ನೀರನ್ನು ಬಳಿದರೆ ಜಾಲಿ ಕಣ್ಣೆದುರೇ ಕಪ್ಪಾಗುತ್ತದೆ. ಬೀದರಿನ ಬಿದ್ರಿ ಕೆಲಸದಲ್ಲಿ ಸತು ತಾಮ್ರದ ಮಿಶ್ರಲೋಹವನ್ನು ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡುತ್ತಾರೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇಲ್ಲಿನ ರಸಾಯನವೇ ಬೇರೆ, ಆದರೂ ಕಪ್ಪು ಮಾಡಿದ ಜಾಲಿಯ ಡಬ್ಬಿಯಲ್ಲಿ ಸಪೂರ ಕಾಲುವೆ ಕಡೆದು ಒಂದು ಸುತ್ತು ಬೆಳ್ಳಿ ತಂತಿ ಕೂರಿಸಿದರೆ ಆ ಊರಿನ ಕಣ್ಣಿಗೆ ಅದು ಪರಕೀಯ ಅನ್ನಿಸದು.

ಚನ್ನಪಟ್ಟಣದಲ್ಲಿ ಹಾಲೆ ಮರದ ಮೇಲೆ ಹಾಕುವ ಬಣ್ಣದ ಅರಗು ಇದಕ್ಕೆ ಒಪ್ಪುವುದಿಲ್ಲ. ಹಾಲೆ ಬೆಳ್ಳಗಿರುವುದರಿಂದ ಬಣ್ಣ ಎದ್ದು ಕಾಣುತ್ತದೆ, ಜಾಲಿಗೆ ತನ್ನದೇ ಬಣ್ಣ ಇರುವಾಗ ಮುಚ್ಚುವುದೇಕೆ? ನಮ್ಮ ಜಿಲ್ಲೆಗಳಲ್ಲಿ ಗಾಣದ ಅಗಸೆ ಎಣ್ಣೆ ಸಿಗುತ್ತದೆ, ಅದೇ ಸಾಕು. ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ, ಮೂರು ನಾಲ್ಕು ದಿನ ಬೆಳಕಿರುವಲ್ಲಿ ಇಟ್ಟು, ಹೀಗೆ ನಾಲ್ಕು ಸಲ. ದಪ್ಪಗೆ ಹಚ್ಚಿದರೆ ಅಂಟಂಟಾಗಿ ನಿಲ್ಲುತ್ತದೆ. ಕುಸುಬೆ ಎಣ್ಣೆಯೂ ಒಣಗುತ್ತದೆ, ನಿಧಾನವಾಗಿ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ, ಕಮಟು ಹಿಡಿಯುತ್ತದೆ. ಪೇಂಟ್ ಅಂಗಡಿಯ ಬಾಯಿಲ್ಡ್ ಲಿನ್ಸೀಡ್‌ನಲ್ಲಿ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ, ಅಡುಗೆ ಸಾಮಾನಿಗೆ ಅದು ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಮೇ ತಿಂಗಳಲ್ಲಂತೂ ಹೇಳುವುದೇ ಬೇಡ. ನೀರಿನಲ್ಲಿ ಮುಳುಗಿಸಿ ಅಥವಾ ಹರಡಿ ಒಣಹಾಕಿ.

ಕೊನೆಗೆ ಮುಚ್ಚಳದ ಡಬ್ಬಿ ಮಾಡುವವರಿಗೆ. ಬೇಸಿಗೆಯಲ್ಲಿ ಇಲ್ಲಿನ ಗಾಳಿಗೆ ಕಟ್ಟಿಗೆಯ ತೇವ ಶೇ 5ರ ಸುತ್ತಮುತ್ತ ಇಳಿಯುತ್ತದೆ, ಮಳೆಗಾಲದಲ್ಲಿ ಶೇ 12ರ ಮೇಲಕ್ಕೆ ಏರುತ್ತದೆ. ಮೆಸ್ಕೀಟ್‌ನ ಅಂಕಿ ಹಿಡಿದು ಲೆಕ್ಕ ಹಾಕಿದರೆ 60 ಮಿ.ಮೀ. ಡಬ್ಬಿ ಉಂಗುರದ ಗುಂಟ ಸುಮಾರು 0.45, ಅದಕ್ಕೆ ಅಡ್ಡಲಾಗಿ 0.22 ಮಿ.ಮೀ. ಹಿಗ್ಗುತ್ತದೆ. ಸಾಗುವಾನಿಯಲ್ಲಿ ಇದು 0.7 ದಾಟುತ್ತದೆ. ಮುಚ್ಚಳ ಮತ್ತು ಡಬ್ಬಿಯನ್ನು ಒಂದೇ ತುಂಡಿನಿಂದ ಕೊಯ್ದು, ಎಳೆಯ ದಿಕ್ಕಿಗೆ ಪೆನ್ಸಿಲ್ ಗುರುತು ಹಾಕಿ ಅದೇ ದಿಕ್ಕಿಗೆ ಕೂರಿಸಿದರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ. ಮೇ ತಿಂಗಳಲ್ಲಿ ಕಡೆಯುವುದಾದರೆ ಕಾಗದದ ಒಂದು ಹಾಳೆ ಸುಲಭವಾಗಿ ಹೋಗಿಬರುವಷ್ಟು ಸಡಿಲ ಬಿಡಿ. ಆಗಸ್ಟ್‌ನಲ್ಲಿ ಕಡೆಯುವುದಾದರೆ ಸ್ವಲ್ಪ ಬಿಗಿಯಾಗಿಯೇ ಇರಲಿ.